ಹದಿನೆಂಟು ವರ್ಷದ ಅನುಭವ

ನಿವೃತ್ತರಾಗುವ ಸೈನಿಕರ ಸೇವಾಕಾಲದ ನೆನಪುಗಳನ್ನು ಅಳಿಸಿಯೇ ಮನೆಗೆ ಕಳಿಸುವ ಪದ್ಧತಿ ಬಂದಿತ್ತು. ಹೀಗಾಗಿ ಉದ್ಯೋಗ ಕಚೇರಿಯಲ್ಲಿ ಮಾಜಿ ಹವಾಲ್ದಾರ್ ಬಾಳಪ್ಪನಿಗೆ ಆರನೇ ಸಲವೂ ಅದೇ ಪ್ರಶ್ನೆ ಎದುರಾಯಿತು.

“ಹದಿನೆಂಟು ವರ್ಷ ಏನ್ ಕೆಲಸ ಮಾಡೀರಿ?” ಎಂದಳು ಗುಮಾಸ್ತೆ ಶಕುಂತಲಾ.

“ನೆನಪಿದ್ರ ಹೇಳ್ತಿದ್ದಿಲ್ಲೇನ್ರಿ, ಅಕ್ಕಾರ?” ಬಾಳಪ್ಪ ರೇಗಿದ. “ಅಳಿಸಿದವ್ರನ್ನ ಕೇಳ್ರಿ!”

“ಕೇಳೀನ್ರಿ. ಅದು ಗುಪ್ತ ಅಂತಾರ. ಈ ಕಾಲಂ ಖಾಲಿ ಇದ್ರ ಕಂಪ್ಯೂಟರ್ ಅರ್ಜಿ ತಗೊಳ್ಳಂಗಿಲ್ಲ.”

ಅಷ್ಟರಲ್ಲಿ ಸಾಲಿನಲ್ಲಿದ್ದ ಮುದುಕನೊಬ್ಬ ಉಸಿರು ನಿಂತು ಕುಸಿದ. ಎಲ್ಲರೂ ಕೂಗಾಡುತ್ತಿರುವಾಗ ಬಾಳಪ್ಪನ ಕೈಗಳು ತಾವಾಗಿಯೇ ಅವನ ಎದೆಯನ್ನು ಒತ್ತತೊಡಗಿದವು. ಮುದುಕ ಮತ್ತೆ ಉಸಿರಾಡಿದ.

ಬಾಳಪ್ಪ ತನ್ನ ಕೈಗಳನ್ನೇ ದಿಟ್ಟಿಸಿದ. “ಇದು ನನಗ ಬರ್ತಿತ್ತೇನು?”

ಶಕುಂತಲಾ ಖಾಲಿ ಕಾಲಂನಲ್ಲಿ ‘ಜೀವ ಉಳಿಸುವುದು’ ಎಂದು ತುಂಬಿದಳು. ಕಂಪ್ಯೂಟರ್ ಸಾಕ್ಷಿ ಕೇಳಿತು.

“ಸಾಕ್ಷಿ ಬೇಕೇನು ನಿನಗ? ತಗೋ!” ಎಂದು ಸಿಡುಕುತ್ತ ತನ್ನ ಹೆಸರನ್ನೇ ಕುಟ್ಟಿದಳು.