ಒಂದೇ ಸೀಟಿನ ದೋಣಿ

"ನಿಧಾನ, ನಿಧಾನ! ಮಲಗಿರೋ ಮಗೂನ ಇಳಿಸ್ದಂಗೆ ಇಳಿಸ್ರಪ್ಪ!"

ತಂಗಿ ಕೂಗುತ್ತಿದ್ದಳು. ಅವಳು ಈ ದೋಣಿಮನೆಯ ಕೋಚ್, ಕೂಗುವುದೇ ಅವಳ ಕಸುಬು. ಇಬ್ಬರು ಹುಡುಗಿಯರು ಹಗ್ಗ ಸಡಿಲಿಸಿದಂತೆ ಹಳೆಯ ದೋಣಿ ಸೂರಿನಿಂದ ಮೆಲ್ಲಗೆ ಇಳಿದು ಎರಡು ಸ್ಟ್ಯಾಂಡುಗಳ ಮೇಲೆ ಕೂತಿತು. ಅದನ್ನು ಯಾವುದೋ ಹೋಟೆಲಿನವರು ಕೊಂಡಿದ್ದರು. ಊಟದ ಹಾಲಿನಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರಂತೆ, ನಾಳೆ ಲಾರಿ ಬರುತ್ತದಂತೆ. 'ನೋಡೋದಿದ್ರೆ ಬಾ' ಎಂದು ತಂಗಿ ಫೋನಿನಲ್ಲಿ ಹೇಳಿದ ಒಂದೇ ಮಾತಿಗೆ ಅಕ್ಕ ದೂರದ ಊರಿನಿಂದ ರೈಲು ಹತ್ತಿ ಬಂದಿದ್ದಳು. ಕೈಚೀಲವನ್ನು ಕೆಳಗಿಡಲೂ ಮರೆತು ಬಾಗಿಲಲ್ಲೇ ನಿಂತಿದ್ದಳು.

"ಇಷ್ಟು ಸಣ್ಣಕ್ಕಿತ್ತೇನೇ ಇದು?"

"ದೋಣಿ ಅಷ್ಟೇ ಇದೆ ಅಕ್ಕ. ನೀನು ದಪ್ಪ ಆಗಿದ್ದೀಯ."

"ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ ಬಿಡು."

ಹೊರಗೆ ಕೆರೆಯ ಮೇಲೆ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ಈ ವಾರ ಆಯ್ಕೆಯ ಓಟ. ತಂಗಿ ಆ ಕಡೆ ಗದ್ದ ತಿರುಗಿಸಿದಳು. "ಈಗ ಮೊದಲು ಹುಟ್ಟು ಹಾಕೋ ಮೆಷಿನ್ ಮೇಲೆ ಕೂರಿಸಿ ಎಳೆಸ್ತಾರೆ. ಅದರಲ್ಲಿ ಗೆದ್ದೋರಿಗೆ ನೀರಿನ ಮೇಲೆ ಸುತ್ತಿನ ಮೇಲೆ ಸುತ್ತು. ಆಮೇಲೆ ಫೈನಲ್. ಇಷ್ಟೆಲ್ಲ ಜರಡಿ ಹಿಡಿದು ಹೊರದೇಶದ ಪಂದ್ಯಕ್ಕೆ ಕಳಿಸೋದು ಒಬ್ಬಳನ್ನೇ. ಅದೊಂದು ಬದಲಾಗಿಲ್ಲ ನೋಡು."

ಒಬ್ಬಳನ್ನೇ. ಅಕ್ಕ ಕೈಚೀಲ ಕೆಳಗಿಟ್ಟು ದೋಣಿಯ ಹತ್ತಿರ ಬಂದಳು. ಇಬ್ಬರೂ ಓಟಕ್ಕೆ ಅಭ್ಯಾಸ ಮಾಡುತ್ತಿದ್ದ ಕಾಲಕ್ಕೆ ಇಲ್ಲಿದ್ದ ಒಳ್ಳೆಯ ದೋಣಿ ಇದೊಂದೇ. ಬೆಳಗಿನ ಹೊತ್ತು ಒಬ್ಬಳು ಹೋಗಿ ಬಂದ ಮೇಲೆ ಇನ್ನೊಬ್ಬಳು ಹೋಗಬೇಕು. ಅಕ್ಕನದು ಕೊಕ್ಕರೆ ಕಾಲು, ತಂಗಿ ಗಿಡ್ಡಿ. ಹಾಗಾಗಿ ಪಾದ ಊರಿ ಒದೆಯುವ ಕಾಲುಹಲಗೆಯನ್ನು ಪ್ರತಿಸಲ ಹಿಂದೆ ಮುಂದೆ ಸರಿಸಬೇಕಿತ್ತು. ಇಬ್ಬರೂ ಸೇರಿ ದೋಣಿಯ ಒಳಮೈಯಲ್ಲಿ ಮೊಳೆಯಿಂದ ಎರಡು ಗೆರೆ ಗೀಚಿಕೊಂಡಿದ್ದರು, ಒಂದು ಅಕ್ಕನದು, ಒಂದು ತಂಗಿಯದು. ಇಳಿದವಳು ಹಲಗೆಯನ್ನು ಹತ್ತುವವಳ ಗೆರೆಗೆ ಸರಿಸಿಟ್ಟೇ ಮೇಲೇಳಬೇಕು ಎಂಬುದು ಅವರೇ ಮಾಡಿಕೊಂಡ ಕಾನೂನು. ಎಷ್ಟು ಜಗಳವಾಡಿದ ದಿನವೂ ಅದನ್ನು ಮುರಿದವರಿಲ್ಲ.

ಒಂದು ವರ್ಷದ ಆಯ್ಕೆಯಲ್ಲಿ ಉಳಿದವರೆಲ್ಲ ಹಿಂದೆ ಬಿದ್ದು ಕೊನೆಗೆ ಇವರಿಬ್ಬರೇ ಉಳಿದರು. ಬೇರೆ ಬೇರೆ ದೋಣಿ ಕೊಟ್ಟರೆ ನ್ಯಾಯವಾಗದು, ಅದೇ ದೋಣಿಯಲ್ಲಿ ಒಬ್ಬಳಾದ ಮೇಲೆ ಒಬ್ಬಳು ಹೋಗಲಿ, ಗಡಿಯಾರವೇ ತೀರ್ಪು ಕೊಡಲಿ ಎಂದರು ಆಯ್ಕೆಯವರು. ಮೊದಲು ಹೋದವಳು ತಂಗಿ. ಕಟ್ಟೆಗೆ ಬಂದು ಮುಟ್ಟಿದಾಗ ಅವಳಿಗೆ ಉಸಿರಿರಲಿಲ್ಲ, ತುಟಿ ನೀಲಿಗಟ್ಟಿತ್ತು. ಆದರೂ ಇಳಿದವಳೇ ಮೊಣಕಾಲೂರಿ, ನಟ್ಟು ತಿರುಗಿಸಿ, ಹಲಗೆಯನ್ನು ಅಕ್ಕನ ಗೆರೆಗೆ ಸರಿಸಿ ಬಿಗಿದು, ಆಮೇಲೆ ಕಟ್ಟೆಯ ಮೇಲೆ ಉರುಳಿಕೊಂಡಳು. "ಇವತ್ತು ಅವಳು ನಿನ್ನ ಎದುರಾಳಿ ಕಣಮ್ಮ!" ಎಂದು ಆಯ್ಕೆಯವರೊಬ್ಬರು ನಕ್ಕರು. ಅಕ್ಕ ಹೋಗಿ ಬಂದಳು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅಂತರದಲ್ಲಿ ಗೆದ್ದಳು.

ಹೊರದೇಶಕ್ಕೆ ಹೊರಟ ದಿನ ಕಳಿಸಿಕೊಡಲು ಸ್ಟೇಷನ್ನಿಗೆ ಅಕ್ಕಪಕ್ಕದವರೂ ಬಂದಿದ್ದರು, ತಂಗಿ ಮಾತ್ರ ಬರಲಿಲ್ಲ. ಹೊರದೇಶದ ಪಂದ್ಯದಲ್ಲಿ ಅಕ್ಕನಿಗೆ ಸಿಕ್ಕಿದ್ದು ಕೊನೆಯಿಂದ ಎರಡನೇ ಜಾಗ. ಅದರ ನೋವು ಬೇಗ ಮರೆತುಹೋಯಿತು. ಸ್ಟೇಷನ್ನಿನ ನೋವು ಮರೆಯಲಿಲ್ಲ. ಪಂದ್ಯ ಮುಗಿಸಿ ಬಂದವಳೇ ದೂರದ ಊರಲ್ಲಿ ಕೆಲಸ ಹಿಡಿದಳು, ಮದುವೆಯಾದಳು, ಮತ್ತೆ ಹುಟ್ಟು ಮುಟ್ಟಲಿಲ್ಲ. ಅಕ್ಕತಂಗಿಯರು ಸಿಕ್ಕಾಗೆಲ್ಲ ಲೋಕದ ಮಾತೆಲ್ಲ ಆಡುತ್ತಿದ್ದರು, ಆ ದಿನದ್ದೊಂದನ್ನು ಬಿಟ್ಟು. ತಂಗಿಯೊಳಗೆ ಏನೋ ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದಿದೆ ಎಂದೇ ಅಕ್ಕ ನಂಬಿದ್ದಳು. ಇವತ್ತು ಕೇಳದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎನಿಸಿತು.

"ಅವತ್ತು ಸ್ಟೇಷನ್‌ಗೆ ಯಾಕೆ ಬರ್ಲಿಲ್ಲ?"

ತಂಗಿ ದೋಣಿಯ ಮೂತಿಯ ಧೂಳು ಒರೆಸುತ್ತಲೇ ಇದ್ದಳು. "ಹೊರಟಿದ್ದೆ. ಕಾಲು ಇಲ್ಲಿಗೆ ಎಳ್ಕೊಂಡ್ ಬಂತು. ಬೆಳಗ್ಗೆ ಪೂರ್ತಿ ದೋಣಿ ನಂದೇ ಅಂತ ನೀರಿಗೆ ಇಳಿಸ್ದೆ."

"ಕೋಪ ಇತ್ತಾ?"

"ಇಲ್ದೆ ಏನು? ನಾನೇನು ದೇವರಾ? ಹೊಟ್ಟೆ ಉರಿದು ಬೂದಿಯಾಗಿತ್ತು. ಇದನ್ನ ಸೂರಿಗೆ ಕಟ್ಟೋವರೆಗೂ ಇದರಲ್ಲಿ ಕೂತವಳು ನಾನೊಬ್ಬಳೇ. ಎರಡು ವರ್ಷ, ಅಕ್ಕ. ದಿನಾ ನಿನ್ನ ಬೈಕೊಂಡೇ ಹುಟ್ಟು ಹಾಕ್ತಿದ್ದೆ."

ಕೇಳಬಾರದಿತ್ತು ಎಂದುಕೊಂಡಳು ಅಕ್ಕ. ಅಷ್ಟರಲ್ಲಿ ಹೊರಗೆ ಯಾರೋ ಕರೆದರು, ತಂಗಿ "ಬಂದೆ, ಬಂದೆ" ಎಂದು ಕೂಗುತ್ತ ಕಟ್ಟೆಯ ಕಡೆ ಓಡಿದಳು.

ಒಬ್ಬಳೇ ಆದ ಅಕ್ಕ ದೋಣಿಯೊಳಗೆ ಬಗ್ಗಿದಳು. ಕರವಸ್ತ್ರದಿಂದ ಉಜ್ಜಿದಂತೆ ಒಂದು ಗೆರೆ ಕಂಡಿತು, ಇನ್ನೊಂದು ಕಂಡಿತು. ಕಾಲುಹಲಗೆಗಾಗಿ ತಂಗಿಯ ಗೆರೆಯ ಬಳಿ ಕೈಯಾಡಿಸಿದಳು. ಅಲ್ಲಿರಲಿಲ್ಲ. ಅದು ನಿಂತಿದ್ದದ್ದು ಅಕ್ಕನ ಗೆರೆಯ ಮೇಲೆ, ಕೊನೆಯ ಸಲ ಇಳಿದವಳು ಸರಿಸಿಟ್ಟ ಜಾಗದಲ್ಲೇ. ಅದನ್ನು ತಂಗಿಯ ಗೆರೆಗೆ ಸರಿಸಿಡಲೆಂದು ಅಕ್ಕ ನಟ್ಟಿಗೆ ಕೈ ಹಾಕಿದಳು, ಎರಡೂ ಕೈ ಸೇರಿಸಿ ತಿರುಗಿಸಿದಳು. ತುಕ್ಕು ಹಿಡಿದು ಅದು ಅಲ್ಲೇ ಕಚ್ಚಿಕೊಂಡುಬಿಟ್ಟಿತ್ತು.