ಹೊಸ ಯಂತ್ರದ ಪೂಜೆ

ಲಾಂಡ್ರಿಗೆ ಹೊಸದಾಗಿ ಬಂದಿದ್ದ, ಗ್ಯಾಸಿನಿಂದ ಬಟ್ಟೆ ಒಣಗಿಸುವ ದೊಡ್ಡ ಯಂತ್ರಕ್ಕೆ ಮೆಕ್ಯಾನಿಕ್ ಪೈಪು ಜೋಡಿಸಿ ಗ್ಯಾಸ್ ಬಿಟ್ಟ.

“ಜಾಯಿಂಟಿಗೆ ಸೋಪುನೀರು ಹಚ್ಚಿ ನೋಡಪ್ಪ. ಸೋರ್ತಿದ್ರೆ ಗುಳ್ಳೆ ಬರುತ್ತೆ,” ಎಂದಳು ಒಡತಿ.

“ಬಟ್ಟೆ ಒಗೆಯೋರು ನಂಗೆ ಕೆಲಸ ಹೇಳ್ಕೊಡ್ಬೇಡಿ. ಒಂದು ಚೂರೂ ಸೋರಲ್ಲ. ಕೆಲಸ ಮುಗೀತು ಅಂತ ಈ ಚೀಟಿಗೆ ಸೈನ್ ಹಾಕಿ, ಬೇರೆ ಕಡೆ ಹೋಗ್ಬೇಕು.”

“ಪೂಜೆ ಆಗದೆ ಸೈನ್ ಹಾಕಲ್ಲ.”

“ಹಂಗಾದ್ರೆ ಬೇಗ ಮುಗಿಸಿ.”

ಒಡತಿ ಯಂತ್ರಕ್ಕೆ ಕುಂಕುಮವಿಟ್ಟು ಹೂವು ಮುಡಿಸಿದಳು. ಕೆಲಸದ ಹೆಂಗಸರನ್ನೆಲ್ಲ ರಸ್ತೆಗೆ ಕಳಿಸಿದಳು. ಆಮೇಲೆ ಕರ್ಪೂರದ ತಟ್ಟೆಯನ್ನೂ ಬೆಂಕಿಪೊಟ್ಟಣವನ್ನೂ ಅವನ ಕೈಗಿಟ್ಟಳು.

“ಜೋಡಿಸಿದೋನು ನೀನು, ಮಂಗಳಾರತಿನೂ ನೀನೇ ಮಾಡು. ನಾನೂ ಆಚೆ ನಿಂತಿರ್ತೀನಿ.”

ಅವನು ಬೆಂಕಿಪೊಟ್ಟಣ ನೋಡಿದ. ಪೈಪು ನೋಡಿದ.

“ಅಮ್ಮಾ, ಸೋಪುನೀರು ಎಲ್ಲಿಟ್ಟಿದೀರಾ?”