ಲಕೋಟೆಯ ಬೆನ್ನಿನ ಎರಡು ಸಾಲು

"ಇದು ಕನ್ನಡ!" ಎಂದಳು ಶಾರದ. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಪಕ್ಕದ ಮನೆಯ ಮುದುಕಿ ಅರ್ವಿಲಾ ಟೀಗೆ ಕರೆದು ತೋರಿಸಿದ ಆ ಲಕೋಟೆಗೆ ಈ 1974ಕ್ಕೆ ನೂರಿಪ್ಪತ್ತು ವರ್ಷ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕ್ಕೆಂದು ಬೆಂಗಳೂರಿಗೆ ಹೋಗಿದ್ದ ಅರ್ವಿಲಾಳ ತಾತನಿಗೆ, ಹಿರಿಮಗನ ಜ್ವರ ಬಿಡುತ್ತಿಲ್ಲ, ಕೂಡಲೇ ಬನ್ನಿ ಎಂದು ಹೆಂಡತಿ ಯೂಟಾದಿಂದ ಬರೆದ ಕಾಗದ ಅದರಲ್ಲಿತ್ತು. ಆತ ಬರುವಷ್ಟರಲ್ಲಿ ಹುಡುಗ ತೀರಿಕೊಂಡು ವರ್ಷ ಕಳೆದಿತ್ತು. ಊರಿಗೆ ಮರಳಿದ ಮೇಲಷ್ಟೇ ಕಾಗದ ಕೈಗೆ ಬಂತೆಂದು ಸಾಯುವ ತನಕ ಹೇಳಿದ. ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ಅರ್ವಿಲಾಳ ತಾಯಿಯಂತೂ ತನ್ನಪ್ಪನ ಪಟವನ್ನು ಗೋಡೆಗೆ ಹಾಕಲು ಬಿಟ್ಟಿರಲಿಲ್ಲ.

ಲಕೋಟೆಯ ಹಿಂದಿನ ಎರಡು ಸಾಲನ್ನು ಅರ್ವಿಲಾಳ ಮನೆಯವರೆಲ್ಲ ಯಾವುದೋ ಚಿತ್ತಾರವೆಂದುಕೊಂಡಿದ್ದರು. ಶ್ಯಾನುಭೋಗರ ಕಡತಗಳಲ್ಲಿರುವಂಥ, ಅಕ್ಷರ ಕೂಡಿಸಿ ಬರೆದ ಹಳೆಯ ಮೋಡಿ ಬರಹ, ಶಾಯಿ ಅರ್ಧ ಮಾಸಿತ್ತು. "ಬಿಡೇ, ಅದನ್ನ ಯಾರ ಕೈಲಿ ಓದಕ್ಕಾಗತ್ತೆ, ಟೈಮ್ ವೇಸ್ಟು," ಎಂದ ಜೊತೆಗೆ ಬಂದಿದ್ದ ಗಂಡ ಹಯವದನ. "ಶ್ಯಾನುಭೋಗರ ಮೊಮ್ಮಗಳು ನಾನು. ಓದದೆ ಏಳಲ್ಲ," ಎಂದು ಶಾರದ ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಬಾಗಿದಳು. ಟೀ ಆರಿತು. ಒಂದೊಂದೇ ಅಕ್ಷರ ಬಿಡಿಸಿ ಕೊನೆಗೆ ಗಟ್ಟಿಯಾಗಿ ಓದಿದಳು:

"ದೊರೆಗಳು ಹಡಗು ಹತ್ತಿದ ಎಂಟನೇ ದಿನ ಈ ಕಾಗದ ಬಂತು. ಅವರ ಊರಿಗೇ ಹಿಂದಕ್ಕೆ ಕಳಿಸಿದ್ದೇನೆ. ಅವರ ಮುನ್ಷಿ, ರಂಗಪ್ಪ." ಅದನ್ನೇ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು.

ಅರ್ವಿಲಾ ಅಳಲಿಲ್ಲ. ಎದ್ದು ಹೋಗಿ ಯೂಟಾದಲ್ಲಿದ್ದ ತಮ್ಮನಿಗೆ ಫೋನ್ ಮಾಡಿದಳು. "ತಾತ ಸುಳ್ಳು ಹೇಳಿರಲಿಲ್ಲ ಕಣೋ," ಎಂದಳು. "ಎಲ್ಲರಿಗೂ ಹೇಳು. ಇವತ್ತೇ ಹೇಳು."